ಹಗ್ಗ ಇಟ್ಟುಕೊಂಡು ಕಾರು ಮಾರಿದ್ದು

ನನ್ನ ತಂದೆಯ ಕಾರನ್ನು ನಾನು ಮಾರಿದೆ. ದೂರದ ಊರಿನವರಿಗೆ ಮಾರಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಮಾರಿದ್ದು ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಹೋಟೆಲಿನ ಯಜಮಾನರಿಗೆ. ಬುದ್ಧಿಯುಳ್ಳವನು ಮನೆಯನ್ನಾಗಲಿ ಕಾರನ್ನಾಗಲಿ ತನ್ನ ಕಣ್ಣಳತೆಯೊಳಗೆ ಮಾರಬಾರದು. ಮದರಾಸಿನ ನಡುವಿನ ತಿರುವಲ್ಲಿಕ್ಕೇಣಿಯ ಮನೆ ಮಾರಿದಾಗ ಈ ಬುದ್ಧಿ ನನಗಿತ್ತು. ಊರಂಚಿನ ಪೋರೂರಿಗೆ ಬಂದುಬಿಟ್ಟೆ, ಆ ಬೀದಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕಾರಿನ ವಿಷಯ ಬಂದಾಗ ಮಾತ್ರ ಅದು ಕೈಕೊಟ್ಟಿತು.

ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಒಬ್ಬರಾದರೂ ತಮ್ಮ ಸೋದರಮಾವನ ಹತ್ತಿರ ಅಂಥದೇ ಇತ್ತು, ಅದು ಇನ್ನೂ ಓಡುತ್ತಿದೆ ಎನ್ನುತ್ತಾರೆ. ನನಗೆ ಈಗಿರುವ ಹೊಟ್ಟೆಕಿಚ್ಚೇ ಸಾಕಷ್ಟಿದೆ.

ನಾನು ಹುಟ್ಟುವ ಮುಂಚೆಯೇ ಕಾರು ಮನೆಗೆ ಬಂದಿತ್ತು. ಹೀಗಾಗಿ ಬಂಧುಗಳು ಅದನ್ನು ನನ್ನ ಅಣ್ಣ ಎನ್ನುತ್ತಿದ್ದರು. ತಂದೆಯೂ ಹಿರಿಯ ಮಗನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಅದಕ್ಕೇ ಸಲ್ಲಿಸುತ್ತಿದ್ದರು. ಗುಂಡು ಹೆಗಲು, ಉಬ್ಬಿದ ಕಣ್ಣು, ಮುಂದುಗಡೆ ಬಂಪರಿನ ನಡುವೆ ಒಂದು ತೂತು. ಆ ತೂತಿಗೆ ಡೊಂಕಾದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಎಂಜಿನ್ ಎದ್ದುಕೊಳ್ಳುತ್ತಿತ್ತು. ಒಳಗೆ ಸೆಲ್ಫ್ ಸ್ಟಾರ್ಟರ್ ಎಂಬ ಗುಂಡಿಯೂ ಇತ್ತು, ಆದರೆ ತಂದೆಗೆ ಅದರಲ್ಲಿ ವಿಶ್ವಾಸವಿರಲಿಲ್ಲ. ಮಲಗಿದವರನ್ನು ಗಂಟೆ ಬಾರಿಸಿ ಎಬ್ಬಿಸಬಾರದು, ಮೈ ಮುಟ್ಟಿ ಎಬ್ಬಿಸಬೇಕು ಎನ್ನುತ್ತಿದ್ದರು. ನನ್ನನ್ನು ಎಬ್ಬಿಸುವಾಗ ಈ ನಿಯಮ ಅನ್ವಯಿಸುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಪಂಚೆ ಮೇಲೆ ಕಟ್ಟಿ, ಅವರು ಹ್ಯಾಂಡಲ್ ಹಿಡಿದು ಕಾರಿನ ಮುಂದೆ ಬಗ್ಗುತ್ತಿದ್ದರು. ದೇವರ ಮುಂದೆಯೂ ಅಷ್ಟು ಬಗ್ಗಿದ್ದನ್ನು ನಾನು ಕಂಡಿಲ್ಲ. ನನಗೆ ಮೀಸೆ ಬಂದ ಮೇಲೆ ಹ್ಯಾಂಡಲ್ ಮುಟ್ಟುವ ಅಧಿಕಾರ ಸಿಕ್ಕಿತು. ಅದರ ಜೊತೆಗೆ ಒಂದು ಉಪದೇಶವೂ ಬಂತು: ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆಯಲ್ಲೇ ಒಂದೇ ಕಡೆ ಇರಬೇಕು, ಆಚೆ ಕಡೆ ಹೋಗಿ ಬೇರೆ ಸಂಸಾರ ಹೂಡಬಾರದು, ಎಂಜಿನ್ ಹಿಮ್ಮುಖವಾಗಿ ಒದ್ದರೆ ಹ್ಯಾಂಡಲ್ ಬೇರೆ ಸಂಸಾರ ಹೂಡಿದ ಬೆರಳನ್ನು ಮೊದಲು ಮುರಿಯುತ್ತದೆ. ಬ್ರಹ್ಮೋಪದೇಶದ ದಿನ ಕಿವಿಯಲ್ಲಿ ಹೇಳಿದ್ದಕ್ಕಿಂತ ಇದು ನನಗೆ ಚೆನ್ನಾಗಿ ನೆನಪಿದೆ.

ತಂದೆ ಹೋದ ಮೇಲೆ ಕಾರು ನನ್ನ ಪಾಲಿಗೆ ಬಂತು, ಕೆಲವು ವರ್ಷ ಓಡಿತು, ಆಮೇಲೆ ನಿಂತಿತು. ನಾನು ಅದರ ಜೀರ್ಣೋದ್ಧಾರಕ್ಕೆ ಕೈ ಹಾಕಿದೆ. ನನ್ನ ಪದ್ಧತಿ ಏನೆಂದರೆ, ಮೊದಲು ಎಲ್ಲವನ್ನೂ ಬಿಚ್ಚುವುದು. ಬಿಚ್ಚುವ ವಿದ್ಯೆ ನನಗೆ ಚೆನ್ನಾಗಿ ಒಲಿದಿತ್ತು. ಭಾನುವಾರ ಪುದುಪೇಟೆಗೆ ಹೋಗಿ, ಹಳೆಯ ವಾಹನಗಳ ಕರುಳು ಮೂಳೆ ಮಾರುವ ಆ ಬೀದಿಗಳಲ್ಲಿ ಅಲೆದು, ಒಂದು ಲೈಟಿನ ಬಳೆಯೋ ಒಂದು ಬಾಗಿಲ ಹಿಡಿಯೋ ಹೊಂಚಿಕೊಂಡು ಬರುತ್ತಿದ್ದೆ. ಬಂದದ್ದನ್ನು ಜೋಡಿಸುವ ಮುಂಚೆ ಬಿಚ್ಚುವುದು ಇನ್ನೂ ಉಳಿದಿರುತ್ತಿತ್ತು. ಆದ್ದರಿಂದ ಎಲ್ಲವನ್ನೂ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದೆ. ಕಾರು ಓಡುತ್ತಿಲ್ಲವೆಂದು ಯಾರಾದರೂ ಅಂದರೆ ನನ್ನ ಹೆಂಡತಿ ಒಪ್ಪುತ್ತಿರಲಿಲ್ಲ. ಶೆಡ್ಡಿನಿಂದ ಅಟ್ಟಕ್ಕೆ ನಿಧಾನವಾಗಿ ಹೋಗುತ್ತಿದೆ ಎನ್ನುತ್ತಿದ್ದಳು.

ಕಾರು ಮಾರಲು ಕಾರಣವಾದದ್ದು ರಸ್ತೆ. ನಮ್ಮ ಬೀದಿಗೆ ಟಾರು ಹಾಕುವಾಗಲೆಲ್ಲ ಹಳೆಯದರ ಮೇಲೆಯೇ ಹಾಕುವುದು ರೂಢಿ. ಹೀಗೆ ಬೀದಿ ಬೆಳೆಯುತ್ತ ಬಂತು, ಮನೆಗಳು ಇದ್ದಲ್ಲೇ ಇದ್ದವು. ಕೊಂಡಾಗ ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗುತ್ತಿದ್ದೆವು, ಈಗ ಇಳಿದು ಹೋಗುತ್ತೇವೆ. ಕಾರ್ತಿಕದ ಮಳೆ ಬಂತೆಂದರೆ ಪೋರೂರು ಕೆರೆಗೆ ಹೋಗಬೇಕಾದ ನೀರು ದಾರಿ ತಪ್ಪಿ ನಮ್ಮ ಶೆಡ್ಡಿನಲ್ಲಿ ತಂಗುತ್ತಿತ್ತು. ಕಾರು ಮೊಣಕಾಲ ನೀರಿನಲ್ಲಿ ಎಮ್ಮೆಯ ಹಾಗೆ ನಿಂತಿರುತ್ತಿತ್ತು. ಶೆಡ್ಡಿಗೆ ಮಣ್ಣು ತುಂಬಿಸಿ ನೆಲ ಎತ್ತರಿಸಬೇಕು, ಅದಕ್ಕೆ ಕಾರು ಹೋಗಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮನೆ ಎಂದರೆ ಹೆಂಡತಿ, ಮಗಳು, ಮತ್ತು ನನ್ನ ತಂದೆಯ ತಂಗಿಯಾದ ಅತ್ತೆ. ತೊಂಬತ್ತರ ಹತ್ತಿರದ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ಮಾತಿಗೆ ಮೇಲ್ಮನವಿ ಇಲ್ಲ.

ಫೋನಿನಲ್ಲಿ ಜಾಹೀರಾತು ಹಾಕುವ ಕೆಲಸ ಮಗಳದು, ಅದರ ಒಕ್ಕಣೆ ನನ್ನದು. ‘ಸಾಂಪ್ರದಾಯಿಕ ಮನೆತನದಲ್ಲಿ ಬಾಳಿದ, ಸದ್ಯ ವಿಶ್ರಾಂತಿಯಲ್ಲಿರುವ, ಹಂತಹಂತವಾಗಿ ಜೀರ್ಣೋದ್ಧಾರ ಮಾಡಿಕೊಳ್ಳಲು ಸರ್ವಥಾ ಯೋಗ್ಯವಾದ ವಾಹನ’ ಎಂದು ಹೇಳಿದೆ. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

“ಅಪ್ಪಾ, ಇದು ಕಾರಾ, ಕೋವಿಲಾ?” ಎಂದಳು.

ಕಾರೋ ಗುಡಿಯೋ ಎಂಬುದನ್ನು ಕೊಳ್ಳುವವರು ತೀರ್ಮಾನಿಸಲಿ ಎಂದೆ. ಅವಳು ಏನು ಹಾಕಿದಳೋ, ವಾರದೊಳಗೆ ಹಲವರು ಬಂದರು. ಒಬ್ಬರು ಅದನ್ನು ತಮ್ಮ ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿ ಒಳಗೆ ಗೊಂಬೆ ಕೂರಿಸುತ್ತೇನೆ ಎಂದರು. ಇನ್ನೊಬ್ಬರು ಮದುವೆ ಮಂಟಪದಲ್ಲಿ ಫೋಟೋ ತೆಗೆಸಲು ಅರ್ಧ ಸಾಕು, ಮುಂದಿನ ಅರ್ಧ ಮಾತ್ರ ಕೊಡುತ್ತೀರಾ ಎಂದು ಕೇಳಿದರು. ಅವರನ್ನೆಲ್ಲ ಗೌರವದಿಂದ ಬೀಳ್ಕೊಟ್ಟೆ. ಆಮೇಲೆ ಬಂದವರು ಹೋಟೆಲ್ ಯಜಮಾನರು.

ಅವರು ಕುಂದಾಪುರದ ಕಡೆಯವರು. ಇಲ್ಲಿಗೆ ಬಂದು ತಲೆಯೆಲ್ಲ ನರೆತಿದ್ದರೂ ಮಾತಿನಲ್ಲಿ ಇನ್ನೂ ಪಡುಗಡಲ ದಡದ ಗಾಳಿ. ಎಂದೂ ಗಲ್ಲಾ ಬಿಟ್ಟು ಏಳದ ಮನುಷ್ಯ ಅಂದು ನನ್ನ ಶೆಡ್ಡಿಗೆ ಇಳಿದು, ಹಲಸಿನ ಹಣ್ಣು ನೋಡುವವರಂತೆ ಬೆರಳ ಗೆಣ್ಣಿನಿಂದ ಕಾರನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟರು. ಇನ್ನೂ ಹಣ್ಣಾಗಿಲ್ಲ, ಪರವಾಗಿಲ್ಲ, ಆಗ್ತದೆ ಎಂದರು. ಅವರ ತಂದೆ ಮದರಾಸಿಗೆ ಬಂದ ಹೊಸದರಲ್ಲಿ ಇಂಥದೇ ಕಾರಿನ ಯಜಮಾನರೊಬ್ಬರ ಮನೆಯಲ್ಲಿ ಅಡುಗೆಗಿದ್ದರಂತೆ. ಒಳಗೆ ಕೂರುವ ಯೋಗ ಅವರಿಗೆ ಬರಲಿಲ್ಲವಂತೆ. ನಾನು ಒಪ್ಪಿದೆ. ಬೆಲೆಯ ಬಗ್ಗೆ ಚೌಕಾಸಿ ನಡೆಯಲಿಲ್ಲ, ಇಬ್ಬರಿಗೂ ನಾಚಿಕೆ.

ಕಾರು ಹೋಗುವ ದಿನ ಎಳೆದೊಯ್ಯುವ ಲಾರಿ ಬಂದು ಬೀದಿಯ ಎತ್ತರದಲ್ಲಿ ನಿಂತಿತು. ಅತ್ತೆ ವಾಕರ್ ಹಿಡಿದು ಹೊರಗೆ ಬಂದರು. ಅವರ ಗಂಡನ ಮನೆಯಲ್ಲಿ ಒಂದು ಕಾಲಕ್ಕೆ ಹಟ್ಟಿ ತುಂಬ ದನ ಇದ್ದವಂತೆ. ಎಲ್ಲವನ್ನೂ ನೋಡಿ ನನ್ನನ್ನು ಕರೆದರು.

“ಏನೋ, ಹಸು ಮಾರಿದ್ರೆ ಹಗ್ಗಾನೂ ಕೊಡ್ತಾರೇನೋ?”

ಓದುವವರಿಗೆ ತಿಳಿದಿರಬಹುದು, ತಿಳಿಯದಿದ್ದರೆ ಹೇಳುತ್ತೇನೆ. ದನ ಮಾರುವವರು ಅದರ ಕೊರಳ ಹಗ್ಗವನ್ನು ಕೊಡುವುದಿಲ್ಲ, ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಹಗ್ಗ ಹೋದರೆ ಹಟ್ಟಿಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ. ಕೊಂಡವರು ತಮ್ಮ ಹಗ್ಗ ತಾವು ತಂದು ಕಟ್ಟಿಕೊಂಡು ಹೋಗಬೇಕು. ಇದು ಹಸು ಅಲ್ಲ ಅತ್ತೆ ಎಂದು ನಾನು ಹೇಳಿದೆ. ನಿನ್ನ ಅಪ್ಪನನ್ನು ಹೊತ್ತು ತಿರುಗಿದ ಮೇಲೆ ಹಸು ಅಲ್ಲದೆ ಮತ್ತೇನು ಎಂದರು.

ಹಾಗಾದರೆ ಕಾರಿನ ಹಗ್ಗ ಯಾವುದು ಎಂಬ ಪ್ರಶ್ನೆ ಬಂತು. ಅಂಗಳದಲ್ಲಿ ವಿಚಾರಣೆ ನಡೆಯಿತು. ಅತ್ತೆ ಮೊದಲು ಲಾರಿಯವನ ಎಳೆಯುವ ಹಗ್ಗವನ್ನೇ ತೋರಿಸಿದರು; ಅದು ಅವನ ಸ್ವಂತದ್ದು ಎಂದು ಅವನು ಗಾಬರಿಯಾದ. ಹೆಂಡತಿ ಕೀಲಿಕೈ ಎಂದಳು. ಅದಿಲ್ಲದೆ ಡಿಕ್ಕಿಯೇ ತೆರೆಯದು. ಕೊನೆಗೆ ಹೋಟೆಲ್ ಯಜಮಾನರೇ ತೀರ್ಪು ಕೊಟ್ಟರು. ಅವರ ಊರಿನಲ್ಲಿಯೂ ಇದೇ ಕ್ರಮ, ಇದನ್ನು ಮೀರಿ ದನ ತಂದರೆ ಹಾಲು ಬತ್ತುತ್ತದೆ ಎಂದು, ಡಿಕ್ಕಿ ತೆರೆದು ಹ್ಯಾಂಡಲನ್ನು ಹೊರತೆಗೆದರು. ಹಿಡಿದು ಎಬ್ಬಿಸುವುದು ಇದರಿಂದ ತಾನೆ, ಇದೇ ಹಗ್ಗ ಎಂದರು. ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಒಪ್ಪಿಸಿದರು. ಅತ್ತೆ ಅದನ್ನು ಸೆರಗಿನಲ್ಲಿ ತೆಗೆದುಕೊಂಡರು. ಕಾರು ಏರು ಹತ್ತಿ ಹೋಯಿತು.

ಆ ಕ್ಷಣದಲ್ಲಿ ನನಗೆ ದುಃಖವಾಗಬೇಕಿತ್ತು. ಆದದ್ದು ಬೇರೆ. ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೋ. ಸೆಲ್ಫ್ ಸ್ಟಾರ್ಟರನ್ನು ನಾನೇ ಬಿಚ್ಚಿದ್ದೆ, ಎಂದಮೇಲೆ ಅದರ ಕಥೆ ಮುಗಿದಿತ್ತು. ಹ್ಯಾಂಡಲ್ ಇಲ್ಲದೆ ಆ ಎಂಜಿನ್ ಏಳುವಂತಿಲ್ಲ. ಇವತ್ತಲ್ಲ ನಾಳೆ ಯಜಮಾನರು ನನ್ನ ಮನೆಗೆ ಇಳಿದು ಬರಬೇಕು, ಸ್ವಾಮಿ ಒಂದು ಸಲ ಹ್ಯಾಂಡಲ್ ಕೊಡಿ ಎಂದು ಕೇಳಬೇಕು. ಕೊಡದೆ ಇರುವಷ್ಟು ಕೆಟ್ಟವನಲ್ಲ ನಾನು. ಕೇಳಬೇಕು, ಅಷ್ಟೆ. ಕಾರು ಯಾರದಾದರೂ ಆಗಲಿ, ಏಳಬೇಕಾದರೆ ನನ್ನನ್ನು ಕೇಳಿ ಏಳಲಿ.

ಕೇಳುವ ಅವಕಾಶವನ್ನು ನಾನು ಅವರಿಗೆ ಧಾರಾಳವಾಗಿ ಒದಗಿಸಿದೆ. ಬೆಳಗಿನ ಕಾಫಿಯ ಜೊತೆಗೆ ಮಧ್ಯಾಹ್ನದ ಕಾಫಿಯನ್ನೂ ಅಲ್ಲೇ ಕುಡಿಯತೊಡಗಿದೆ. ಅವರು ಸಕ್ಕರೆ ಸರಿ ಇದೆಯಾ ಎಂದು ಕೇಳುತ್ತಿದ್ದರು. ಡಿಕಾಕ್ಷನ್ ಗಟ್ಟಿ ಆಯ್ತಾ ಎಂದು ಕೇಳುತ್ತಿದ್ದರು. ಕೇಳಬೇಕಾದ್ದನ್ನು ಕೇಳುತ್ತಿರಲಿಲ್ಲ.

ಕಾರು ಹಿತ್ತಲಿನಲ್ಲಿ, ಹಿಟ್ಟು ರುಬ್ಬುವ ಕೋಣೆಯ ಪಕ್ಕದಲ್ಲಿ, ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಯಜಮಾನರು ಬನಿಯನ್ನಿನಲ್ಲಿ ಅದರ ಹತ್ತಿರ ಕೂರುತ್ತಿದ್ದರು. ಅವರದು ಹೋಟೆಲಿನ ಕ್ರಮ. ಇವತ್ತು ರುಬ್ಬಿದ್ದು ಇವತ್ತೇ ಖರ್ಚಾಗಬೇಕು, ಇವತ್ತು ಎಂಜಲಾದ ಪಾತ್ರೆ ಇವತ್ತೇ ತೊಳೆದು ಬೋರಲು ಹಾಕಬೇಕು. ಕಾರಿನಲ್ಲಿಯೂ ಅಷ್ಟೆ: ಇವತ್ತು ಬಿಚ್ಚಿದ್ದನ್ನು ಇವತ್ತೇ ತೊಳೆದು, ಉಜ್ಜಿ, ಎಣ್ಣೆ ಹಾಕಿ, ಇವತ್ತೇ ಮತ್ತೆ ಮುಚ್ಚಬೇಕು. ಒಂದು ತಿರುಪುಮೊಳೆ ಆದರೂ ಸರಿ. ತೆರೆದದ್ದನ್ನು ತೆರೆದಿಟ್ಟು ಅವರು ಗಲ್ಲಾಕ್ಕೆ ಹೋಗುತ್ತಿರಲಿಲ್ಲ. ಇದು ಜೀರ್ಣೋದ್ಧಾರದ ಪದ್ಧತಿಯೇ ಅಲ್ಲವೆಂದು ನನ್ನ ದೃಢ ಅಭಿಪ್ರಾಯ. ಹೀಗೆ ಇಡ್ಲಿ ಬೇಯಿಸಿದಂತೆ ಒಂದೊಂದು ತಟ್ಟೆ ಮಾಡಿದರೆ ವಾಹನದ ಸಮಗ್ರ ದರ್ಶನ ಯಾವಾಗ ಆಗುವುದು? ನಾನು ಸಮಗ್ರ ದರ್ಶನ ಮಾಡುತ್ತಿದ್ದೆ. ಈ ಅಭಿಪ್ರಾಯವನ್ನು ಹೆಂಡತಿಗೆ ಮಂಡಿಸಿದಾಗ ಅವಳು ಸೌತೆಕಾಯಿ ಹೆಚ್ಚುತ್ತಲೇ ಇದ್ದಳು.

ಒಂದು ದಿನ ಹೋಟೆಲಿನ ಹಿತ್ತಲಿನಿಂದ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಮ್ಮ ಮನೆಯಲ್ಲಿದ್ದಾಗ ಆ ಬಾಗಿಲನ್ನು ಬಟ್ಟೆ ಒಣಗಿಸುವ ದಾರದಿಂದ ಕಟ್ಟಬೇಕಿತ್ತು. ಅಲ್ಲಿ ಅದು ‘ಟಕ್’ ಎಂದಿತು, ತಟ್ಟಿಸಿಕೊಂಡ ಬೆಲ್ಲದಚ್ಚಿನಂತೆ. ಕೊಟ್ಟ ಹೆಣ್ಣು ಗಂಡನ ಮನೆಯಲ್ಲಿ ಮೈ ತುಂಬಿಕೊಂಡರೆ ತವರಿನವರು ಸಂತೋಷಪಡಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಏನು ಉಪವಾಸ ಹಾಕಿದ್ದೆವೇ ಎಂದು ಒಂದು ಮಾತು ಅವರ ಮನಸ್ಸಿನಲ್ಲಿಯೂ ಬರುತ್ತದಲ್ಲ, ಅದನ್ನು ಯಾರೂ ಹೇಳುವುದಿಲ್ಲ.

ಬರಿಗೈಯಲ್ಲಿ ಹೋಗಬಾರದೆಂದು ಅಟ್ಟದ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಕೊಂಡೊಯ್ಯತೊಡಗಿದೆ. ಒಮ್ಮೆ ಲೈಟಿನ ಬಳೆ, ಒಮ್ಮೆ ಬಾಗಿಲ ಹಿಡಿ. ಒಂದೇ ಸಲಕ್ಕೆ ಚೀಲ ತುಂಬಿ ಕೊಡಬಹುದಿತ್ತು. ಆದರೆ ಹೋಗಲು ನೆಪ ಬೇಕಲ್ಲ. ಪತ್ರಿಕೆಯ ಸುತ್ತು ಬಿಚ್ಚಿ ಅವರ ಮುಂದೆ ಇಟ್ಟು, ಇನ್ನೇನಾದರೂ ಬೇಕೇ ಎಂದು ಕೇಳುತ್ತಿದ್ದೆ. ಎಂತದೂ ಬೇಡ ಮಾರಾಯ್ರೆ, ಇದೇ ದೊಡ್ಡದು ಎನ್ನುತ್ತಿದ್ದರು. ಕೊಟ್ಟದ್ದು ಮರುದಿನವೇ ಕಾರಿನ ಮೈಮೇಲೆ ಕೂತಿರುತ್ತಿತ್ತು, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.

ಬಣ್ಣದ ವಿಷಯ ಇನ್ನೂ ನೋವಿನದು. ಮೂಲ ಬಣ್ಣ ಕೆನೆ ಬಣ್ಣ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಯಜಮಾನರು ಡ್ಯಾಶ್‌ಬೋರ್ಡಿನ ಒಳಗೆ, ಯಾರ ಕೈಯೂ ಹೋಗದ ಒಂದು ಮೂಲೆಯಲ್ಲಿ, ಉಗುರಿನಿಂದ ಕೆರೆದು ನೋಡಿದರಂತೆ. ಎಳೆ ಬೂದುಗುಂಬಳದ ಸಿಪ್ಪೆಯ ಹಸಿರು. ಅತ್ತೆಯನ್ನು ಕೇಳಿದೆ. ಹೌದು, ಹಸಿರೇ, ನೀನು ಹುಟ್ಟಿದ ವರ್ಷ ನಿನ್ನಪ್ಪ ಬಣ್ಣ ಬದಲಿಸಿದ ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ನೀನು ಯಾವತ್ತು ಕೇಳಿದೆ ಎಂದರು. ಅಣ್ಣನಾದವನು ತಮ್ಮನಿಗೆ ಹೇಳದೆ ಇಟ್ಟುಕೊಂಡ ಗುಟ್ಟನ್ನು ಮೊನ್ನೆ ಪರಿಚಯವಾದವರಿಗೆ ಹೇಳಿಬಿಟ್ಟಿದ್ದ.

ಇದರ ಮೇಲೆ ಹೆಂಡತಿ. ನಮ್ಮ ಶೆಡ್ಡಿನಲ್ಲಿದ್ದಾಗ ಇಲಿ ಇದೆಯೆಂದು ಅವಳು ಕಾರಿನ ಬಳಿ ಸುಳಿದವಳಲ್ಲ. ಒಂದು ಸಂಜೆ ಮಗಳ ಜೊತೆ ಹೋಟೆಲಿಗೆ ದೋಸೆ ತಿನ್ನಲು ಹೋದವಳು ಕತ್ತಲಾದರೂ ಬರಲಿಲ್ಲ. ಬಂದಾಗ ಮುಖದಲ್ಲಿ ಕಳೆ ಇತ್ತು. ಯಜಮಾನರು ಹಿಂದಿನ ಸೀಟಿಗೆ ಹೊಸ ಹೊದಿಕೆ ಹೊಲಿಸಿದ್ದಾರಂತೆ, ಕೂತು ನೋಡಿ ಎಂದರಂತೆ, ಕೂತರಂತೆ, ಕಾಫಿಯನ್ನು ಅಲ್ಲಿಗೇ ಕಳಿಸಿದರಂತೆ.

“ರೀ, ನಿಮ್ಮ ಅಪ್ಪನ ಕಾರಿನಲ್ಲಿ ಕಿಟಕಿಯಿಂದ ಎಷ್ಟು ಚೆನ್ನಾಗಿ ಗಾಳಿ ಬರತ್ತೆ, ಗೊತ್ತಾ?” ಎಂದಳು.

ನಿಂತ ಕಾರಿನಲ್ಲಿ ಗಾಳಿ ಎಲ್ಲಿಂದ ಬಂತು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಆ ರಾತ್ರಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳದೆ ಎದ್ದೆ. ನಮ್ಮ ಮನೆಯಲ್ಲಿ ಇದಕ್ಕಿಂತ ತೀವ್ರವಾದ ಪ್ರತಿಭಟನೆ ಇಲ್ಲ. ಯಾರೂ ಗಮನಿಸಲಿಲ್ಲ.

ನನಗೆ ಉಳಿದಿದ್ದ ಸಮಾಧಾನ ಹ್ಯಾಂಡಲ್ ಒಂದೇ. ಅತ್ತೆ ಅದಕ್ಕೆ ಕುಂಕುಮ ಇಟ್ಟು ದೇವರ ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ನಾನು ದಿನಾ ಅದರ ಕಡೆ ಒಂದು ಕಣ್ಣು ಹಾಕುತ್ತಿದ್ದೆ. ಬಣ್ಣ ಬರಲಿ, ಸೀಟು ಬರಲಿ, ಬಾಗಿಲು ಟಕ್ ಎನ್ನಲಿ. ಉಸಿರು ನನ್ನ ಮನೆಯಲ್ಲಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕೆರೆಯ ಕಡೆ ನಡೆಯುತ್ತಿದ್ದೆ. ಮೆಟ್ರೋ ಕಂಬಗಳ ಕೆಳಗೆ ಬಸ್ಸು, ಆಟೋ, ನೀರಿನ ಲಾರಿ ಎಲ್ಲ ಹಾರ್ನ್ ಹೊಡೆಯುತ್ತಿದ್ದವು. ಅವುಗಳ ನಡುವೆ ಒಂದು ಸದ್ದು ಬಂತು. ಗಂಟಲು ಕಟ್ಟಿದ ಬಾತುಕೋಳಿಯಂಥ ಹಾರ್ನ್, ಅದರ ಹಿಂದೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಎಂಜಿನ್. ಶಾಲೆ ಬಿಟ್ಟ ಮೇಲೆ ಗೇಟಿನಲ್ಲಿ ನಿಂತು ನಾನು ಕಾಯುತ್ತಿದ್ದ ಸದ್ದು. ತಿರುಗುವ ಮುಂಚೆಯೇ ಗೊತ್ತಾಯಿತು. ಬೂದುಗುಂಬಳದ ಹಸಿರು ಬಣ್ಣದ ಕಾರು ನನ್ನ ಪಕ್ಕದಲ್ಲಿ ನಿಂತಿತು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಬನ್ನಿ, ಕೂತ್ಕೊಳ್ಳಿ, ಮೊದಲು ನಿಮ್ಮನ್ನೇ ಕೂರಿಸಬೇಕು ಅಂತ ಇದ್ದೆ ಎಂದರು.

ಹೇಗೆ ಎದ್ದಿತು ಎಂದೆ. ಗ್ರೈಂಡರಿನ ಮೋಟರಿಗೆ ತಂತಿ ಸುತ್ತುವವರ ಹತ್ತಿರ ಸೆಲ್ಫಿಗೂ ತಂತಿ ಸುತ್ತಿಸಿದರಂತೆ. ಹೊಸ ಬ್ಯಾಟರಿ. ಗುಂಡಿ ಒತ್ತಿದರೆ ಆಯಿತು.

ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. ಕಾರು ಹೋಯಿತು. ಅದರ ಹಿಂಭಾಗ ಅಷ್ಟು ಗಂಭೀರವಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅದು ನನ್ನನ್ನು ಬಿಟ್ಟು ಹೋದದ್ದನ್ನು ಹಿಂದೆ ನಾನೆಂದೂ ನೋಡಿರಲಿಲ್ಲ.

ಮನೆಗೆ ಬಂದು ದೇವರ ಮನೆಯ ಮೂಲೆ ನೋಡಿದೆ. ಅಲ್ಲಿ ಇದ್ದದ್ದು ಡೊಂಕಾದ ಒಂದು ಕಬ್ಬಿಣ. ಅದೇ ವಾರ ಹೆಂಡತಿ ಅದನ್ನು ಮೇಲಿನ ತಂತಿಯಿಂದ ಒಣಗಿದ ಬಟ್ಟೆ ಎಳೆಯಲು ಉಪಯೋಗಿಸುತ್ತಿರುವುದು ಕಣ್ಣಿಗೆ ಬಿತ್ತು. ಕೊಕ್ಕೆ ಚೆನ್ನಾಗಿದೆ ಎಂದಳು. ಹೋಟೆಲಿಗೆ ಹೋಗುವುದನ್ನು ಬಿಟ್ಟೆ. ಮನೆಯ ಕಾಫಿ ಕುಡಿದೆ. ಮಣ್ಣು ತುಂಬಿಸಿ ಎತ್ತರಿಸಿದ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಒಳ್ಳೆಯ ಗಾಳಿ ಬರುತ್ತಿತ್ತು.

ನವರಾತ್ರಿ ಬಂತು. ಆಯುಧಪೂಜೆಯ ಹಿಂದಿನ ದಿನ ಯಜಮಾನರೇ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದರು. ಈಗಲಾದರೂ ಕೇಳುತ್ತಾರೆಂದು ಕುರ್ಚಿ ಎಳೆದು ಹಾಕಿದೆ. ಅವರು ಎಲೆ ಅಡಿಕೆ ಇಟ್ಟು, ನಾಳೆ ಪೂಜೆಗೆ ನೀವು ಬಾರದೆ ಆರತಿ ಎತ್ತುವುದಿಲ್ಲ ಎಂದಷ್ಟೇ ಹೇಳಿ ಹೋದರು.

ರಾತ್ರಿ ಊಟದ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಯಾರೂ ಕೇಳದ ವಸ್ತುವನ್ನು ಬಚ್ಚಿಟ್ಟುಕೊಂಡು ಕೂರುವುದಕ್ಕಿಂತ ಕೊಟ್ಟುಬಿಡುವುದೇ ಮರ್ಯಾದೆ. ಕೊಟ್ಟರೆ ಕೊಟ್ಟವನೆಂಬ ಹೆಸರಾದರೂ ಉಳಿಯುತ್ತದೆ. ಮರುದಿನ ಅತ್ತೆ ಜಪಕ್ಕೆ ಕೂತಿದ್ದಾಗ ಹ್ಯಾಂಡಲನ್ನು ತಂದೆಯ ಹಳೆಯ ಪಂಚೆಯಲ್ಲಿ ಸುತ್ತಿ, ಚೀಲದಲ್ಲಿ ಬಾಳೆಹಣ್ಣಿನ ಚಿಪ್ಪಿನ ಕೆಳಗಿಟ್ಟು ಹೊರಟೆ.

ಹೋಟೆಲಿನ ಹಿತ್ತಲು ತೊಳೆದು ರಂಗೋಲಿ ಹಾಕಿತ್ತು. ಗ್ರೈಂಡರುಗಳಿಗೆ ಚೆಂಡು ಹೂವಿನ ಹಾರ, ದೋಸೆ ಕಲ್ಲಿಗೆ ಕುಂಕುಮ, ಸಟ್ಟುಗ ಸೌಟುಗಳೆಲ್ಲ ಒಂದು ಮಣೆಯ ಮೇಲೆ ಸ್ನಾನ ಮಾಡಿದ ಮಕ್ಕಳಂತೆ ಸಾಲಾಗಿ ಕೂತಿದ್ದವು. ನಡುವೆ ಕಾರು. ಚಕ್ರಕ್ಕೊಂದು ನಿಂಬೆಹಣ್ಣು. ಕೆಲಸದವರೆಲ್ಲ ಹೊಸ ಬನಿಯನ್ ಹಾಕಿಕೊಂಡು ನಿಂತಿದ್ದರು. ಆರತಿಯಾಯಿತು. ಪುರಿ ಕಡಲೆ ಹಂಚಿದರು. ಬೂದುಗುಂಬಳ ಒಡೆದರು. ಜನ ಚದುರಿದ ಮೇಲೆ ನಾನು ಯಜಮಾನರನ್ನು ಪಕ್ಕಕ್ಕೆ ಕರೆದು, ಪಂಚೆಯ ಸುತ್ತು ಬಿಚ್ಚಿ, ಹ್ಯಾಂಡಲನ್ನು ಮುಂದೆ ಚಾಚಿದೆ. ಇದು ಕಾರು ಇದ್ದಲ್ಲಿಯೇ ಇರಲಿ, ನಮ್ಮಲ್ಲಿ ಇದಕ್ಕೆ ಕೆಲಸವಿಲ್ಲ ಎಂದು, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದ ವಾಕ್ಯವನ್ನು ಒಪ್ಪಿಸಿದೆ.

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಕೈ ಬೆನ್ನ ಹಿಂದೆ ಹೋಯಿತು.

“ಬೇಡ ಮಾರಾಯ್ರೆ. ಹಗ್ಗ ನಾನು ಮುಟ್ಟುದಿಲ್ಲ. ಅದನ್ನು ಮನೆಗೆ ತಕೊಂಡು ಹೋಗಿ.”

ಕಾರಿಗೆ ಈಗ ಹ್ಯಾಂಡಲ್ ಬೇಕಿಲ್ಲ, ಗೊತ್ತು, ಆದರೂ ಜೋಡಿ ಅಗಲಬಾರದು ಎಂದೆ. ಅವರು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಪರಿನ ಆ ತೂತಿಗೆ ಬೆರಳು ಹಾಕಿದರು.

“ದಿನಾ ಇದನ್ನು ಉಜ್ಜುವಾಗ ಬೆರಳು ಇಲ್ಲಿಗೇ ಬೀಳ್ತದೆ. ಹಲ್ಲು ಹೋದ ಜಾಗಕ್ಕೆ ನಾಲಿಗೆ ಹೋಗ್ತದಲ್ಲ, ಹಾಗೆ. ಗುಂಡಿ ಒತ್ತಿದ್ರೆ ಸ್ಟಾರ್ಟ್ ಆಗ್ತದೆ, ಸುಳ್ಳಲ್ಲ. ಆದ್ರೆ ಅದು ನನ್ನ ಕೈಗೆ ಎದ್ದದ್ದಲ್ಲ, ಬ್ಯಾಟರಿಗೆ ಎದ್ದದ್ದು. ನಿಮ್ಮ ಮನೆಯಲ್ಲಿ ಆ ಕಬ್ಬಿಣ ಇದೆ ಅಂತ ನೆನಪಾದ್ರೆ ನನಗೆ ಹೊಟ್ಟೆ ಉರೀತದೆ. ಹೇಳ್ಲಿಕ್ಕೆ ನಾಚಿಕೆ.”

ಇದನ್ನು ಕೇಳಿ ನನಗೆ ಆದ ಆನಂದವನ್ನು ಮರ್ಯಾದಸ್ಥರ ಭಾಷೆಯಲ್ಲಿ ಬರೆಯಲಾಗುವುದಿಲ್ಲ. ಇಷ್ಟು ತಿಂಗಳು ನಾನೊಬ್ಬನೇ ಬೇಯುತ್ತಿದ್ದೇನೆಂದುಕೊಂಡಿದ್ದೆ. ಪಕ್ಕದ ಒಲೆಯಲ್ಲಿ ಅವರೂ ಬೇಯುತ್ತಿದ್ದರು, ಅದೂ ಒಳ್ಳೆಯ ಉರಿಯಲ್ಲಿ. ಕೇಳಬಾರದಿತ್ತೇ, ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದೆನಲ್ಲ ಎಂದೆ. ಕೊಂಡವನು ಹಗ್ಗ ಕೇಳಬಾರದು, ಅದೂ ಕ್ರಮವೇ ಎಂದರು. ನಾನು ಅವರು ಕೇಳಲೆಂದು ಕಾದಿದ್ದೆ. ಅವರು ಕೇಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದರು. ನನ್ನ ಮುಂದೆ ಸಕ್ಕರೆ ಸರಿಯಿದೆಯಾ ಎಂದು ವಿಚಾರಿಸುತ್ತಿದ್ದಾಗಲೆಲ್ಲ ನಾಲಿಗೆಯ ತುದಿಗೆ ಬಂದದ್ದು ಅದಲ್ಲವಂತೆ.

ಮತ್ತೆ ತೂತಿನ ಕಡೆ ನೋಡಿದರು. ದನಿ ಇಳಿಸಿದರು.

“ತಕೊಳ್ಳುದಿಲ್ಲ. ಆದ್ರೆ… ಒಂದೇ ಸಲ, ಇಲ್ಲೇ, ತಿರುಗಿಸ್ಲಾ?”

ಕೇಳಿದರು. ಕೊನೆಗೂ ಕೇಳಿದರು. ನಾನು ಎಂದೋ ಸಿದ್ಧಪಡಿಸಿಟ್ಟಿದ್ದ ಉದಾರವಾದ ಉತ್ತರ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಹ್ಯಾಂಡಲ್ ನನ್ನ ಕೈ ಬಿಡುವಂತಿಲ್ಲ, ಹಗ್ಗ ಕೈ ದಾಟಿದಂತಾಗುತ್ತದೆ. ನಾನೂ ಹಿಡಿದಿರುತ್ತೇನೆ, ಬೇಕಾದರೆ ನೀವೂ ಹಿಡಿಯಿರಿ ಎಂದೆ. ಅವರಿಗೆ ಇದು ಶಾಸ್ತ್ರೋಕ್ತವಾಗಿ ಕಂಡಿತು. ನರೆತ ಇಬ್ಬರು ಗಂಡಸರು ಒಂದೇ ಹ್ಯಾಂಡಲ್ ಹಿಡಿದು, ಒಬ್ಬರ ಭುಜಕ್ಕೊಬ್ಬರು ಭುಜ ತಾಗಿಸಿ, ಕಾರಿನ ಮುಂದೆ ಬಗ್ಗಿದೆವು. ಅಡುಗೆಮನೆಯ ಕಿಟಕಿಯಲ್ಲಿ ಮುಖಗಳು ಸೇರಿದವು. ನಾನು ಹೆಬ್ಬೆರಳಿನ ಉಪದೇಶ ಹೇಳಿದೆ. ಬೇರೆ ಸಂಸಾರ ಎಂದಾಗ ಅವರು ನಕ್ಕು, ಬೆರಳನ್ನು ಈಚೆ ತಂದುಕೊಂಡರು.

ಮೊದಲ ಸಲ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲ ಸುಮ್ಮನೆಯೂ ಇರಲಿಲ್ಲ, ಒದೆಯಿತು. ಹೆಬ್ಬೆರಳು ಸಂಸಾರದೊಳಗೇ ಇದ್ದದ್ದರಿಂದ ಉಳಿದವು. ಆಮೇಲೆ ತಂದೆ ಮಾಡುತ್ತಿದ್ದ ಹಾಗೆ ಅರ್ಧ ಸುತ್ತು ಮೆಲ್ಲಗೆ, ಅಲ್ಲಿ ಒಂದು ಉಸಿರು ನಿಂತು, ಉಳಿದರ್ಧ ಜೋರಾಗಿ ಎಳೆದೆವು. ಎದ್ದುಕೊಂಡಿತು. ಬಂಪರ್ ನಡುಗಿತು. ಯಜಮಾನರು ನೆಟ್ಟಗಾಗಿ ಅಂಗವಸ್ತ್ರದಿಂದ ಮುಖ ಒರೆಸಿಕೊಂಡರು, ಬೆವರು ಒರೆಸುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ನಾನು ಹ್ಯಾಂಡಲ್ ಒರೆಸಿ ಪಂಚೆಯಲ್ಲಿ ಸುತ್ತಿದೆ. ಅಂದು ನನ್ನನ್ನು ಕಾರಿನಲ್ಲೇ ಮನೆಗೆ ಬಿಟ್ಟರು. ಡಾಕ್ಟರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅತ್ತೆ ಬಾಗಿಲಲ್ಲೇ ಇದ್ದರು. ಚೀಲದ ಕಡೆ ನೋಡಿದರು.

“ಕೊಡಕ್ಕೆ ಹೋದೆ. ಅವನು ತೊಗೊಳ್ಳಲಿಲ್ಲ, ಅಲ್ವಾ? ಒಳ್ಳೇ ಮನೆಯವನು,” ಎಂದು ಒಳಗೆ ಹೋದರು.

ಈಗ ಪ್ರತಿ ಅಮಾವಾಸ್ಯೆ, ಹೋಟೆಲಿನ ಮುಂದೆ ಕುಂಬಳಕಾಯಿ ಒಡೆಯುವ ಹೊತ್ತಿಗೆ, ನಾನು ಹ್ಯಾಂಡಲ್ ಹಿಡಿದು ಹೋಗುತ್ತೇನೆ. ಇಬ್ಬರೂ ಹಿಡಿದು ಎಬ್ಬಿಸುತ್ತೇವೆ, ಕೆರೆಯವರೆಗೆ ಹೋಗಿ ಬರುತ್ತೇವೆ, ಕಾಫಿ ಕುಡಿಯುತ್ತೇವೆ, ನಾನು ಹಗ್ಗ ತೆಗೆದುಕೊಂಡು ಮನೆಗೆ ಬರುತ್ತೇನೆ. ಬಟ್ಟೆ ಎಳೆಯಲು ಹೆಂಡತಿಗೆ ಬೇರೆ ಕೋಲು ತಂದುಕೊಟ್ಟಿದ್ದೇನೆ. ಎಲ್ಲವೂ ಶಾಂತವಾಗಿತ್ತು.

ಆದರೆ ಕಳೆದ ಅಮಾವಾಸ್ಯೆಯಂದು ಒಂದು ಸಂಗತಿ ನಡೆಯಿತು. ನನಗೆ ಸೊಂಟ ಹಿಡಿದಿತ್ತು, ಬಗ್ಗಲಾಗಲಿಲ್ಲ. ಹ್ಯಾಂಡಲಿನ ಹಿಂತುದಿಗೆ ಶಾಸ್ತ್ರಕ್ಕೆ ಒಂದು ಬೆರಳು ತಾಗಿಸಿ ನಿಂತೆ. ಯಜಮಾನರು ಅರ್ಧ ಸುತ್ತು ಮೆಲ್ಲಗೆ ತಂದು, ಒಂದು ಉಸಿರು ನಿಂತು, ಉಳಿದರ್ಧ ಎಳೆದರು. ಒಂದೇ ಎಳೆತ. ಕಾರು ಕೆಮ್ಮಲೂ ಇಲ್ಲ, ಒದೆಯಲೂ ಇಲ್ಲ. ತಂದೆಯ ಕೈಯಲ್ಲಿ ಏಳುತ್ತಿದ್ದ ಹಾಗೆಯೇ ಎದ್ದಿತು. ನನಗೆ ಒಂದು ದಿನವೂ ಹಾಗೆ ಎದ್ದದ್ದಿಲ್ಲ.

ತಿಂಗಳಿಗೊಮ್ಮೆ, ಅದೂ ಅರ್ಧ ಪಾಲು ಹಿಡಿದವರಿಗೆ ಆ ಹದ ಹೇಗೆ ಬಂತು? ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಲೇತ್ ಅಂಗಡಿ ಇದೆ, ಕಬ್ಬಿಣ ಕಡೆದು ಏನು ಬೇಕಾದರೂ ಮಾಡಿಕೊಡುತ್ತಾರೆ. ಒಂದು ಹ್ಯಾಂಡಲ್ ಮಾಡಿಸಿಟ್ಟುಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿರಬಹುದೇ ಎಂದು ಅತ್ತೆಯನ್ನು ಕೇಳಿದೆ. ಮಾಡಿಸಿದ್ದರೆ ತಪ್ಪೇನೋ, ಕೊಂಡವರು ಅವರ ಹಗ್ಗ ಅವರೇ ತರಬೇಕಲ್ವೇನೋ ಎಂದರು. ಶಾಸ್ತ್ರ ಹಾಗೆಯೇ ಇದೆ, ಅಲ್ಲಗಳೆಯಲಾರೆ. ಅಂದಿನಿಂದ ನನ್ನ ಬೆಳಗಿನ ನಡಿಗೆಯನ್ನು ಕೆರೆಯ ಕಡೆಯಿಂದ ಬದಲಿಸಿ ಆ ಲೇತ್ ಅಂಗಡಿಯ ಬೀದಿಗೆ ಇಟ್ಟುಕೊಂಡಿದ್ದೇನೆ. ಡಾಕ್ಟರು ನಡೆಯಲು ಹೇಳಿದ್ದಾರೆ. ಯಾವ ಬೀದಿ ಎಂದು ಹೇಳಿಲ್ಲ.